ಒಲೆಯ ಬೂದಿಯಿಂದ ಅಂಗಡಿಯ ಸೋಪಿನವರೆಗೆ

ಎಣ್ಣೆ ಜಿಡ್ಡು ಹಿಡಿದ ಪಾತ್ರೆಗೆ ಒಲೆಯ ಬೂದಿ ಹಾಕಿ ತಿಕ್ಕಿದರೆ ಜಿಡ್ಡು ಬಿಡುವುದನ್ನು ನಾವೆಲ್ಲ ನೋಡಿದ್ದೇವೆ. ಬೂದಿ ಒರಟಾಗಿರುವುದು ಒಂದು ಕಾರಣ. ಅದರಲ್ಲಿರುವ ಕ್ಷಾರ ಇನ್ನೊಂದು ಕಾರಣ. ಕ್ಷಾರ ಮತ್ತು ಕೊಬ್ಬು ಸೇರಿ ಆಗುವ ವಸ್ತುವೇ ಸೋಪು. ಕೊಬ್ಬು, ಎಣ್ಣೆ ಎಲ್ಲ ಊರಲ್ಲೂ ಇತ್ತು. ಕ್ಷಾರ ಯಾರ ಕೈಯಲ್ಲಿತ್ತು ಎಂಬುದರ ಮೇಲೆ ಸೋಪಿನ ಕಥೆ ನಡೆದಿದೆ.

ಸುಮಾರು 2,000 ವರ್ಷಗಳ ಹಿಂದೆ ರೋಮಿನ ಲೇಖಕ ಪ್ಲಿನಿ, ಈಗಿನ ಫ್ರಾನ್ಸ್ ಕಡೆಯ ಜನ ಆಡಿನ ಕೊಬ್ಬು ಮತ್ತು ಮರದ ಬೂದಿಯಿಂದ ಸೋಪು ಮಾಡಿ ಕೂದಲಿಗೆ ಹಚ್ಚುತ್ತಿದ್ದರೆಂದು ಬರೆದಿದ್ದಾನೆ.

ಅಮೆರಿಕದ ರೈತರ ಮನೆಗಳಲ್ಲಿ 19ನೇ ಶತಮಾನದಲ್ಲೂ ಇದೇ ಪದ್ಧತಿ ಇತ್ತು. ಹೆಚ್ಚಾಗಿ ಇದು ಹೆಂಗಸರ ಕೆಲಸ. ಚಳಿಗಾಲವಿಡೀ ಒಲೆಯ ಬೂದಿ ಕೂಡಿಡುವರು. ತಳದಲ್ಲಿ ತೂತಿರುವ ಮರದ ಪೀಪಾಯಿಗೆ ಹುಲ್ಲು ಹಾಸಿ, ಮೇಲೆ ಬೂದಿ ತುಂಬಿ, ಮಳೆನೀರು ಸುರಿಯುವರು. ಕೆಳಗೆ ತೊಟ್ಟಿಕ್ಕುವ ಕಂದು ನೀರೇ ಕ್ಷಾರದ ನೀರು. ಅದರ ಹದ ನೋಡಲು ಒಂದು ಕೋಳಿಮೊಟ್ಟೆ ಬಿಡುವರು. ಮೊಟ್ಟೆ ಮುಳುಗಿದರೆ ನೀರು ಸಾಲದು. ತೇಲಿ, ನಾಣ್ಯದಗಲ ಮೇಲೆ ಕಂಡರೆ ಹದ ಸರಿ.

ಹಂದಿ, ದನ ಕಡಿದಾಗ ಉಳಿದ ಕೊಬ್ಬನ್ನು ಈ ನೀರಿನ ಜೊತೆ ಕಬ್ಬಿಣದ ಹಂಡೆಯಲ್ಲಿ ಗಂಟೆಗಟ್ಟಲೆ ಕುದಿಸುವರು. ವಾಸನೆ ವಿಪರೀತ, ಹಾಗಾಗಿ ಒಲೆ ಬಯಲಲ್ಲಿ. ಸಿಗುತ್ತಿದ್ದದ್ದು ಅಂಬಲಿಯಂಥ ಮೆತ್ತನೆಯ ಸೋಪು. ಗಟ್ಟಿಯಾಗಬೇಕಾದರೆ ಉಪ್ಪು ಹಾಕಬೇಕಿತ್ತು.

ಇತ್ತ ಯುರೋಪಿನಲ್ಲಿ ಗಾಜಿಗೂ ಸೋಪಿಗೂ ಕ್ಷಾರ ಸಾಲದಾಯಿತು. 1791ರಲ್ಲಿ ಫ್ರಾನ್ಸಿನ ನಿಕೊಲಾ ಲೆಬ್ಲಾಂ ಅಡುಗೆ ಉಪ್ಪಿನಿಂದ ಸೋಡಾ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಕ್ರಾಂತಿಯ ಸರ್ಕಾರ ಅವನ ಕಾರ್ಖಾನೆಯನ್ನು ಕಿತ್ತುಕೊಂಡಿತು. 1806ರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ಅವನ ವಿಧಾನದಿಂದ ಇಂಗ್ಲೆಂಡಿನಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು. ಅವುಗಳ ಆಮ್ಲದ ಹೊಗೆಗೆ ಸುತ್ತಲಿನ ಬೆಳೆ, ಮರ ಸುಟ್ಟುಹೋದವು. ಅದನ್ನು ತಡೆಯಲು 1863ರಲ್ಲಿ ಕಾನೂನೇ ಬಂತು. ಕ್ಷಾರ ಅಗ್ಗವಾಯಿತು, ಸೋಪು ಮನೆಯಂಗಳದಿಂದ ಕಾರ್ಖಾನೆಗೆ ಹೋಯಿತು.

ನಮ್ಮ ಕಡೆ ಕ್ಷಾರ ಮಡಿವಾಳರ ಕೈಯಲ್ಲಿತ್ತು. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಕ್ಕುವ ಚೌಳು ಮಣ್ಣನ್ನು ತಂದು, ನೀರಿಗೆ ಹಾಕಿ, ಬಟ್ಟೆ ಅದ್ದಿ ಉಬ್ಬೆಗೆ ಇಡುತ್ತಿದ್ದರು. ಆ ಮಣ್ಣಿನ ಸೋಡಾ ಬಿಸಿಗೆ ಬಟ್ಟೆಯ ಜಿಡ್ಡನ್ನು ಬಿಡಿಸುತ್ತಿತ್ತು. ತಲೆಗೆ ಸೀಗೆಕಾಯಿ, ಅಂಟುವಾಳ ಇದ್ದವು. ಅವು ನೊರೆ ಕೊಟ್ಟರೂ ಸೋಪಲ್ಲ. ಅವುಗಳಿಗೆ ಕೊಬ್ಬೂ ಬೇಡ, ಕ್ಷಾರವೂ ಬೇಡ.

1888ರಲ್ಲಿ ಇಂಗ್ಲೆಂಡಿನ ಸನ್‌ಲೈಟ್ ಸೋಪು ಕಲ್ಕತ್ತಾ ಬಂದರಿಗೆ ಬಂದಿಳಿಯಿತು. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಶ್ರೀಗಂಧದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಶುರುವಾಯಿತು. 1918ರಲ್ಲಿ ಸರ್ಕಾರದ ಸೋಪು ಕಾರ್ಖಾನೆ ಬಂತು. ಮೈಸೂರ್ ಸ್ಯಾಂಡಲ್ ಹುಟ್ಟಿದ್ದು ಹೀಗೆ.

ಅಂಗಡಿ ಸೋಪಿನಿಂದ ಹೆಂಗಸರ ಹಂಡೆಯ ದುಡಿಮೆ ತಪ್ಪಿತು, ಒಳ್ಳೆಯದೇ. ಆದರೆ ಮಡಿವಾಳರು ಪುಕ್ಕಟೆ ತರುತ್ತಿದ್ದ ಮಣ್ಣಿನ ಜಾಗಕ್ಕೆ ದುಡ್ಡು ಕೊಟ್ಟು ತರುವ ಸೋಡಾ, ಸೋಪು ಬಂದವು. ಮನೆಮನೆಗೆ ಸೋಪು ಬಂದಮೇಲೆ ಅವರ ಕೆಲಸವೂ ಕಡಿಮೆಯಾಯಿತು. ಈ ನಷ್ಟವನ್ನು ಯಾರೂ ಲೆಕ್ಕ ಇಟ್ಟಿಲ್ಲ.

ಈಗ ಕೆಲವು ಸ್ತ್ರೀಶಕ್ತಿ ಸಂಘಗಳು ಮತ್ತೆ ಕೈಯಲ್ಲೇ ಸೋಪು ಮಾಡುತ್ತಿವೆ. ಬೂದಿಯ ಬದಲು ಕಾಸ್ಟಿಕ್ ಸೋಡಾ ಬಂದಿದೆ. ಇದಕ್ಕೆ ಮೊಟ್ಟೆಯ ಲೆಕ್ಕ ಸಾಲದು, ತಕ್ಕಡಿ ಬೇಕು. 1 ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 180 ಗ್ರಾಂ ಸೋಡಾ ಹಿಡಿದರೆ, ಹೊಂಗೆ ಎಣ್ಣೆಗೆ ಸುಮಾರು 130 ಗ್ರಾಂ ಸಾಕು. ಹೆಚ್ಚಾದರೆ ಸೋಪು ಚರ್ಮ ಸುಡುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾಕ್ಕೆ ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಬೇಡ. ಕೈಗವಸು, ಕನ್ನಡಕ ಇರಲಿ, ಮಕ್ಕಳು ದೂರವಿರಲಿ.

ನಿಮ್ಮೂರಿನಲ್ಲಿ ಉಬ್ಬೆ ಇಟ್ಟ ಹಿರಿಯರು ಇದ್ದರೆ, ಚೌಳು ಮಣ್ಣು ಎಲ್ಲಿ ಸಿಗುತ್ತಿತ್ತು, ಹದ ಹೇಗೆ ನೋಡುತ್ತಿದ್ದರು ಎಂದು ಕೇಳಿ ಬರೆದಿಡಿ. ಕಾರ್ಖಾನೆಯ ಇತಿಹಾಸ ಬರೆದವರಿದ್ದಾರೆ. ಉಬ್ಬೆಯದನ್ನು ನಾವೇ ಬರೆಯಬೇಕು.