ಥಾರ್ ಮರುಭೂಮಿಯ ಛಾಯಾಗ್ರಹಣ

ಥಾರ್ ಮರುಭೂಮಿಯ ಛಾಯಾಗ್ರಹಣವು ವಾಯವ್ಯ ಭಾರತದ ಥಾರ್ ಪ್ರದೇಶದ ಭೂದೃಶ್ಯ, ಜನಜೀವನ ಮತ್ತು ವನ್ಯಜೀವಿಗಳನ್ನು ದಾಖಲಿಸುವ ಛಾಯಾಗ್ರಹಣ. ಸುಮಾರು 2 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಈ ಮರುಭೂಮಿಯ ಬಹುಭಾಗ ರಾಜಸ್ಥಾನದಲ್ಲಿದೆ. ಥಾರ್ ಜಗತ್ತಿನ ಅತ್ಯಂತ ಜನನಿಬಿಡ ಮರುಭೂಮಿಗಳಲ್ಲಿ ಒಂದು. ಆದರೂ ಪ್ರಚಾರದಲ್ಲಿರುವ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ನಿರ್ಜನ ಮರಳುದಿಬ್ಬ ಮತ್ತು ಒಂಟೆಗಳ ಸಾಲು ಮಾತ್ರ.

ಭೂದೃಶ್ಯ

ಜೈಸಲ್ಮೇರ್ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದ ಸಮ್ ಮರಳುದಿಬ್ಬಗಳು ಛಾಯಾಗ್ರಾಹಕರು ಹೆಚ್ಚಾಗಿ ಹೋಗುವ ಸ್ಥಳ. ನೈಋತ್ಯದ ಖುರಿ ಗ್ರಾಮದ ದಿಬ್ಬಗಳೂ ಪ್ರಸಿದ್ಧ. ಸೂರ್ಯೋದಯ ಮತ್ತು ಸೂರ್ಯಾಸ್ತದ ವೇಳೆ ಬೆಳಕು ಓರೆಯಾಗಿ ಬೀಳುವುದರಿಂದ ಮರಳಿನ ಮೇಲೆ ಗಾಳಿ ಮೂಡಿಸಿದ ಅಲೆಗಳ ಒಂದು ಬದಿ ಬೆಳಗಿ, ಇನ್ನೊಂದು ಬದಿ ನೆರಳಾಗುತ್ತದೆ. ನಡುಹಗಲಿನಲ್ಲಿ ಅದೇ ದಿಬ್ಬ ಸಪಾಟಾಗಿ ಕಾಣುತ್ತದೆ. ಹೊಳೆಯುವ ಮರಳು ಕ್ಯಾಮೆರಾದ ಬೆಳಕಿನ ಮಾಪಕವನ್ನು ದಾರಿ ತಪ್ಪಿಸಿ ಚಿತ್ರವನ್ನು ಮಂಕಾಗಿಸುವುದರಿಂದ ಎಕ್ಸ್‌ಪೋಶರನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬೇಕು. ಬಯಲಿನಲ್ಲಿ ಲೆನ್ಸ್ ಬದಲಿಸಿದರೆ ಸೂಕ್ಷ್ಮ ಧೂಳು ಸೆನ್ಸರ್ ಮೇಲೆ ಕೂರುತ್ತದೆ.

ಥಾರ್ ಎಂದರೆ ಬರಿಯ ಮರಳಲ್ಲ. ಕುರುಚಲು ಕಾಡು, ಕಲ್ಲುಬಯಲು, ಸಜ್ಜೆಯ ಹೊಲ, ಗ್ರಾಮಸ್ಥರು ದೇವರ ಹೆಸರಿನಲ್ಲಿ ಉಳಿಸಿಕೊಂಡ ಓರಣ್ ಎಂಬ ವನಗಳೂ ಇಲ್ಲಿವೆ. ಇಲ್ಲಿನ ಖೇಜಡಿ ಮರವು ಕರ್ನಾಟಕದಲ್ಲಿ ವಿಜಯದಶಮಿಯಂದು ಪೂಜೆಗೊಳ್ಳುವ ಬನ್ನಿ ಮರವೇ ಆಗಿದೆ. 1730ರಲ್ಲಿ ಜೋಧಪುರದ ಸಮೀಪದ ಖೇಜಡ್ಲಿಯಲ್ಲಿ ಈ ಮರಗಳನ್ನು ಉಳಿಸಲು 363 ಬಿಷ್ಣೋಯಿಗಳು ಪ್ರಾಣ ತೆತ್ತರೆಂದು ಪ್ರತೀತಿ.

ಜೈಸಲ್ಮೇರ್ ಸುತ್ತಲಿನ ದಿಗಂತದಲ್ಲಿ ಈಗ ಗಾಳಿಯಂತ್ರಗಳೂ ವಿದ್ಯುತ್ ತಂತಿಗಳೂ ತುಂಬಿವೆ. ಇವನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಚಿತ್ರ ಸುಂದರವಾಗಬಹುದು, ದಾಖಲೆಯಾಗಿ ಅಪೂರ್ಣವಾಗುತ್ತದೆ. ತಂತಿಗಳಿಗೆ ಬಡಿದು ಸಾಯುತ್ತಿರುವ ಎರೆಭೂತ ಹಕ್ಕಿಯ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕೊನೆಯ ಮುಖ್ಯ ನೆಲೆ 3,162 ಚದರ ಕಿಲೋಮೀಟರ್ ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನ ಮತ್ತು ಅದರ ಸುತ್ತಲಿನ ಪ್ರದೇಶ. ತಂತಿಗಳನ್ನು ನೆಲದಡಿಗೆ ಸಾಗಿಸುವ ಕುರಿತು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಆದೇಶಿಸಿ, 2024ರಲ್ಲಿ ಅದನ್ನು ಮಾರ್ಪಡಿಸಿತು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲೂ ಈ ಹಕ್ಕಿ ಕಂಡುಬಂದಿದೆ.

ಜನರು

ಒಂಟೆ ಸಾಕುವ ರಾಯ್ಕಾಗಳು, ಕಮಾಯ್ಚಾ ನುಡಿಸುವ ಮಾಂಗಣಿಯಾರ್‌ಗಳು, ಸಿಂಧಿ ಸಾರಂಗಿಯ ಲಂಗಾಗಳು ಹಾಗೂ ಕಾಲ್‌ಬೇಲಿಯಾ ಸಮುದಾಯದವರು ಹೆಚ್ಚಾಗಿ ಚಿತ್ರಿತರಾದವರು. ಕಾಲ್‌ಬೇಲಿಯಾ ಹಾಡು ಮತ್ತು ನೃತ್ಯ 2010ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಜೈಪುರದಲ್ಲಿ ಜನಿಸಿದ ರಘುಬೀರ್ ಸಿಂಗ್ (1942–1999) ವರ್ಣಚಿತ್ರಗಳ ಮೂಲಕ ರಾಜಸ್ಥಾನವನ್ನು ದಾಖಲಿಸಿದವರಲ್ಲಿ ಪ್ರಮುಖರು. ಅವರ ರಾಜಸ್ಥಾನ ಕುರಿತ ಪುಸ್ತಕ 1981ರಲ್ಲಿ ಪ್ರಕಟವಾಯಿತು. ಅಮೆರಿಕದ ಸ್ಟೀವ್ ಮೆಕರಿ 1983ರಲ್ಲಿ ತೆಗೆದ ಧೂಳು ಬಿರುಗಾಳಿಯ ಚಿತ್ರ ವಿಶ್ವವಿಖ್ಯಾತ. ಗಾಳಿಗೆ ಬೆನ್ನುಕೊಟ್ಟು ಒಟ್ಟಾಗಿ ನಿಂತ ಆ ಕೆಂಪು ಉಡುಗೆಯ ಮಹಿಳೆಯರು ರಸ್ತೆ ಕಾಮಗಾರಿಯ ಕೂಲಿಕಾರರು. ಚಿತ್ರದ ಶೀರ್ಷಿಕೆಯಲ್ಲಿ ಅವರ ಹೆಸರುಗಳಿಲ್ಲ. ಮರುಭೂಮಿಯ ವ್ಯಕ್ತಿಚಿತ್ರಗಳ ದೊಡ್ಡ ಕೊರತೆಯೇ ಇದು: ಮುಂಡಾಸಿನ ಬಣ್ಣ ನೆನಪಿನಲ್ಲಿ ಉಳಿಯುತ್ತದೆ, ಅದನ್ನು ಧರಿಸಿದವರು ಯಾರೆಂಬುದು ಉಳಿಯುವುದಿಲ್ಲ. ಚಿತ್ರ ತೆಗೆಯುವ ಮುನ್ನ ಒಪ್ಪಿಗೆ ಕೇಳುವುದು, ಹೆಸರು ಬರೆದುಕೊಳ್ಳುವುದು, ಸಾಧ್ಯವಾದರೆ ಒಂದು ಪ್ರತಿ ಕಳುಹಿಸುವುದು ಕನಿಷ್ಠ ಸೌಜನ್ಯ. ಪ್ರವಾಸಿ ತಾಣಗಳಲ್ಲಿ ಹಣ ಕೇಳುವವರನ್ನು ದೂಷಿಸುವುದೂ ಸರಿಯಲ್ಲ. ಕಲಾವಿದರಿಗೆ ಅದು ದುಡಿಮೆ.

ಪ್ರಯಾಣ ಮತ್ತು ನಿರ್ಬಂಧಗಳು

ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಅನುಕೂಲಕರ. ರಾತ್ರಿ ಚಳಿ ತೀವ್ರವಾಗಿರುತ್ತದೆ. ಮೇ–ಜೂನ್ ತಿಂಗಳುಗಳಲ್ಲಿ ಧೂಳಿನ ಬಿರುಗಾಳಿ ಸಾಮಾನ್ಯ. ಬೆಂಗಳೂರಿನ ಯಶವಂತಪುರದಿಂದ ಬಿಕಾನೇರ್ ಮತ್ತು ಬಾರ್ಮೇರ್‌ಗೆ ನೇರ ರೈಲುಗಳಿವೆ. ಪಾಕಿಸ್ತಾನದ ಗಡಿಗೆ ಸಮೀಪದ ಹಲವು ಪ್ರದೇಶಗಳಿಗೆ ಪೂರ್ವಾನುಮತಿ ಅಗತ್ಯ. ಸೇನಾ ನೆಲೆಗಳನ್ನು ಚಿತ್ರಿಸುವುದು ನಿಷಿದ್ಧ.