ಕಾಲು ಮಿಲಿಮೀಟರ್ ಅಂಚಿನ ಕಥೆ

ಪಿಸ್ತೂಲು ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಸಿನಿಮಾ ವಿಲನ್. ನನಗೋ ಅದೊಂದು ಪುಟ್ಟ ಯಂತ್ರ (ಹೆದರಬೇಡಿ, ಓದಿ ತಿಳಿದದ್ದಷ್ಟೇ!). ಕೋಡ್ ಬರೆಯುವ ನಮ್ಮಂಥವರಿಗೆ ತೀರಾ ಹತ್ತಿರದ್ದು ಅನ್ನಿಸಿದ ಒಂದು ಕಥೆ ಇಲ್ಲಿದೆ.

1999ರಲ್ಲಿ ಅಮೆರಿಕದ ಕೆಲ್-ಟೆಕ್ ಕಂಪನಿ ಪಿ-32 ಅನ್ನೋ ಪಿಸ್ತೂಲು ತಂದಿತು. ಖಾಲಿ ಇದ್ದಾಗ ತೂಕ 200 ಗ್ರಾಂಗೂ ಕಡಿಮೆ! ಅದೇ ತೋಟಾ ಬಳಸುತ್ತಿದ್ದ 1903ರ ಕೋಲ್ಟ್ ಸುಮಾರು 680 ಗ್ರಾಂ ತೂಗುತ್ತಿತ್ತು. ಆದರೆ ಈ ಹಗುರ ಪಿಸ್ತೂಲಿನಲ್ಲಿ ಕೆಲವರಿಗೆ ಒಂದು ತೊಂದರೆ ಕಾಣಿಸಿತು. ಒಂದೆರಡು ಗುಂಡು ಹಾರುತ್ತೆ, ಆಮೇಲೆ ಮುಂದಿನ ತೋಟಾ ಮ್ಯಾಗಜೀನ್ ಬಿಟ್ಟು ಬರೋದೇ ಇಲ್ಲ. ಸ್ಲೈಡನ್ನು ಎಷ್ಟು ಎಳೆದರೂ ಅಷ್ಟೇ. ಮ್ಯಾಗಜೀನ್ ಹೊರತೆಗೆದು ತೋಟಾಗಳನ್ನು ಬಿಡಿಸಬೇಕು. ಪ್ರಾಣ ಉಳಿಸಿಕೊಳ್ಳಲೆಂದು ಜೇಬಲ್ಲಿಟ್ಟುಕೊಂಡ ಸಾಧನಕ್ಕೆ ಇದು ಸಣ್ಣ ದೋಷವಲ್ಲ.

ಸ್ಪ್ರಿಂಗ್ ಸಡಿಲವೇ? ಕೊಳೆ ಕೂತಿದೆಯೇ? ಕೈಹಿಡಿತ ಸರಿಯಿಲ್ಲವೇ? ಇವೆಲ್ಲ ಮೊದಲ ಅನುಮಾನಗಳು. ಸುಳಿವು ಮಾತ್ರ ಬೇರೆ ಕಡೆ ಇತ್ತು. ದುಂಡು ಮೂತಿಯ ಗುಂಡು ಹಾಕಿದರೆ ಸಲೀಸು, ತುದಿಯಲ್ಲಿ ಕುಳಿ ಇರುವ 'ಹಾಲೋ ಪಾಯಿಂಟ್' ಹಾಕಿದರೆ ತಕರಾರು.

ಕಾರಣ ಹುಡುಕಲು 100 ವರ್ಷ ಹಿಂದೆ ಹೋಗಬೇಕು. ಈ .32 ಎಸಿಪಿ ತೋಟಾವನ್ನು 1899ರಲ್ಲಿ ಬೆಲ್ಜಿಯಂನ ಎಫ್ಎನ್ ಕಾರ್ಖಾನೆಗಾಗಿ ರೂಪಿಸಿದವನು ಜಾನ್ ಬ್ರೌನಿಂಗ್. ತೋಟಾ ಚೇಂಬರಿನೊಳಗೆ ಸರಿಯಾದ ಜಾಗದಲ್ಲಿ ನಿಲ್ಲಬೇಕಲ್ಲ? ರಿವಾಲ್ವರ್ ತೋಟಾಗಳಿಗೆ ಅದಕ್ಕೆಂದೇ ಹಿಂಬದಿಯಲ್ಲಿ ಅಗಲವಾದ ಅಂಚು ಇರುತ್ತಿತ್ತು. ಮ್ಯಾಗಜೀನಿನಲ್ಲಿ ಅದು ಅಡ್ಡಿ. ಬ್ರೌನಿಂಗ್ ರಾಜಿ ಮಾಡಿಕೊಂಡ: ಸುತ್ತಲೂ ಕಾಲು ಮಿಲಿಮೀಟರಿನಷ್ಟು ಮಾತ್ರ ಅಂಚು ಉಳಿಸಿದ. ತೋಟಾದ ಒಟ್ಟು ಉದ್ದ ಸುಮಾರು 25 ಮಿಲಿಮೀಟರ್. ಅದಕ್ಕೆ ಅಳತೆಯಾದ ಮ್ಯಾಗಜೀನಿನಲ್ಲಿ ಎಲ್ಲ ಬಿಗಿಯಾಗಿ ಕೂರುತ್ತಿತ್ತು.

ಹಾಲೋ ಪಾಯಿಂಟ್ ತೋಟಾಗಳು ಇದಕ್ಕಿಂತ ಗಿಡ್ಡ. ಮ್ಯಾಗಜೀನಿನಲ್ಲಿ ಜಾಗ ಉಳಿಯುತ್ತೆ. ಹಗುರ ಪಿಸ್ತೂಲಿನ ಒದೆತವೂ ಚುರುಕು, ಹಾಗಾಗಿ ಒಳಗಿನ ತೋಟಾಗಳು ಹಿಂದೆ-ಮುಂದೆ ಸರಿಯುತ್ತವೆ. ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಮುಗೀತು! ಇದಕ್ಕೆ 'ರಿಮ್‌ಲಾಕ್' ಅಂತ ಹೆಸರು.

ಬ್ರೌನಿಂಗ್ ತಾನೇ .45ಕ್ಕೆ (1905) ಮತ್ತು .380ಕ್ಕೆ (1908) ಈ ಹೊರಚಾಚಿದ ಅಂಚನ್ನು ಕೈಬಿಟ್ಟಿದ್ದ. ಅಷ್ಟರಲ್ಲಿ .32 ಎಲ್ಲೆಡೆ ಹರಡಿಯಾಗಿತ್ತು, ಅದನ್ನು ಯಾರು ಬದಲಿಸುತ್ತಾರೆ?

ಪರಿಹಾರ ಸರಳ. ಪೂರ್ತಿ ಉದ್ದದ ತೋಟಾನೇ ಬಳಸಿ, ಇಲ್ಲವೇ ಮ್ಯಾಗಜೀನಿನ ಹಿಂಬದಿಗೆ ತೆಳುಪಟ್ಟಿ ಕೊಟ್ಟು ಜಾಗ ಮುಚ್ಚಿ. ಆಗ ಉದ್ದದ ತೋಟಾ ಹಿಡಿಸೋದಿಲ್ಲ ಅನ್ನೋದು ಅದರ ಬೆಲೆ. ಇದನ್ನು 1985ರಲ್ಲೇ ಬೇರೆ ರೀತಿ ನೋಡಿದವನು ಲುಡ್ವಿಗ್ ಸೀಕ್ಯಾಂಪ್. ಅವನ ಪುಟ್ಟ .32 ಪಿಸ್ತೂಲು ರೂಪುಗೊಂಡಿದ್ದೇ ವಿಂಚೆಸ್ಟರಿನ ಗಿಡ್ಡ ಹಾಲೋ ಪಾಯಿಂಟ್ ತೋಟಾಕ್ಕೆ.

ತೋಟಾ ತನ್ನ ಮಟ್ಟಿಗೆ ಸರಿ, ಮ್ಯಾಗಜೀನ್ ತನ್ನ ಮಟ್ಟಿಗೆ ಸರಿ. ದೋಷ ಇದ್ದದ್ದು ಎರಡರ ನಡುವಿನ ಖಾಲಿ ಜಾಗದಲ್ಲಿ. ಬಿಡಿಭಾಗಗಳನ್ನೆಲ್ಲ ಬೇರೆ ಬೇರೆಯಾಗಿ ಪರೀಕ್ಷಿಸಿ "ನನ್ನ ಕಡೆ ಎಲ್ಲ ಸರಿಯಾಗಿದೆ" ಅನ್ನುವ ನಮಗೆ ಈ ಮಾತು ಹೊಸದೇನಲ್ಲ ಬಿಡಿ :-) ನಿಮ್ಮ ಕೆಲಸದಲ್ಲೂ ಇಂಥ ಹಳೇ ಅಂಚು ಎಡವಿಸಿದ್ದಿದ್ದರೆ ಬರೆದು ತಿಳಿಸಿ.