ಕಲಬುರಗಿ–ಬೆಂಗಳೂರು ವಿಮಾನಯಾನ: ದೂರ ಮತ್ತು ಪ್ರಯಾಣಕಾಲದ ಇತಿಹಾಸ

ಕಲಬುರಗಿ ಮತ್ತು ಬೆಂಗಳೂರು ವಿಮಾನ ನಿಲ್ದಾಣಗಳ ನಡುವಿನ ವಾಯುದೂರ ಸುಮಾರು 465 ಕಿ.ಮೀ. ಇದು ಮಹಾವೃತ್ತ ದೂರ, ಅಂದರೆ ಭೂಮಿಯ ದುಂಡನೆಯ ಮೇಲ್ಮೈಯಲ್ಲಿ ಎರಡು ಸ್ಥಳಗಳನ್ನು ಕೂಡಿಸುವ ಅತಿ ಹತ್ತಿರದ ಹಾದಿ. ವಿಮಾನಗಳು ಗೊತ್ತುಪಡಿಸಿದ ವಾಯುಮಾರ್ಗ ಹಿಡಿದು, ರನ್‌ವೇಯ ದಿಕ್ಕಿಗೆ ತಕ್ಕಂತೆ ತಿರುಗಿ ಇಳಿಯುವುದರಿಂದ ನಿಜವಾಗಿ ಹಾರುವ ದೂರ ಇದಕ್ಕಿಂತ ತುಸು ಹೆಚ್ಚಾಗುತ್ತದೆ.

ಕಲಬುರಗಿ ಸೀಮೆಯ ಪ್ರಯಾಣಕಾಲವನ್ನು ಮೊದಲು ಕುಗ್ಗಿಸಿದ್ದು ರೈಲು. ಮುಂಬಯಿ ಮತ್ತು ಮದರಾಸು ಕಡೆಯ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದಾಗ ಈ ಸೀಮೆಯ ಶಹಾಬಾದ್ ಮತ್ತು ವಾಡಿ ಮುಖ್ಯಮಾರ್ಗದ ಊರುಗಳಾದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸಂಸ್ಥಾನದ ಹಳಿ ಬಿದ್ದ ಮೇಲೆ ವಾಡಿ ಜಂಕ್ಷನ್ ಆಯಿತು, ಚಿತ್ತಾಪುರ ಮತ್ತು ಸೇಡಂ ಹೈದರಾಬಾದಿಗೆ ಹತ್ತಿರವಾದವು. ಇದೇ ಸೀಮೆಯ ಚಿಂಚೋಳಿಗೆ ಮಾತ್ರ ಹಳಿ ಬರಲಿಲ್ಲ. ಕಲಬುರಗಿಯಿಂದ ಬೆಂಗಳೂರಿಗೆ ಹಳಿಯ ದಾರಿ 550 ಕಿ.ಮೀ.ಗೂ ಹೆಚ್ಚಿದ್ದು, ಬಹುಕಾಲ ಅದು ಒಂದು ಇಡೀ ರಾತ್ರಿಯ ಪ್ರಯಾಣವಾಗಿಯೇ ಉಳಿಯಿತು.

ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಪೂರ್ವಕ್ಕಿರುವ ಶ್ರೀನಿವಾಸ ಸರಡಗಿ ಗ್ರಾಮದ ಬಳಿ ವಿಮಾನ ನಿಲ್ದಾಣಕ್ಕೆ 2008ರಲ್ಲಿ ಶಂಕುಸ್ಥಾಪನೆಯಾಯಿತು. ಆದರೆ ಮೊದಲ ಪ್ರಯಾಣಿಕರ ವಿಮಾನ ಇಳಿದದ್ದು 2019ರ ನವೆಂಬರ್ 22ರಂದು. ಸಣ್ಣ ಊರುಗಳ ವಿಮಾನಯಾನಕ್ಕೆ ನೆರವು ನೀಡುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಸ್ಟಾರ್ ಏರ್ ಸಂಸ್ಥೆ 50 ಆಸನಗಳ ಎಂಬ್ರೇಯರ್ ಜೆಟ್‌ನೊಡನೆ ಬೆಂಗಳೂರು ಸೇವೆ ಆರಂಭಿಸಿತು, ಬಳಿಕ ಅಲಯನ್ಸ್ ಏರ್‌ನ ಎಟಿಆರ್ ವಿಮಾನಗಳೂ ಬಂದವು.

ದೂರ ಒಂದೇ ಆದರೂ ಕಾಲ ಒಂದೇ ಆಗುವುದಿಲ್ಲ ಎಂಬುದಕ್ಕೆ ಲಕ್ಷದ್ವೀಪದ ಅಗತ್ತಿ ಒಳ್ಳೆಯ ಹೋಲಿಕೆ. ಕೊಚ್ಚಿಯಿಂದ ಅಗತ್ತಿಗೂ ವಾಯುದೂರ ಹೆಚ್ಚುಕಡಿಮೆ ಇಷ್ಟೇ. ಆದರೆ ಸುಮಾರು 1,200 ಮೀಟರಿನ ಅಲ್ಲಿಯ ಗಿಡ್ಡ ರನ್‌ವೇಯಲ್ಲಿ ದೊಡ್ಡ ಜೆಟ್‌ಗಳು ಇಳಿಯಲಾರವು, ಎಟಿಆರ್‌ನಂಥ ಪಂಖಾ ವಿಮಾನಗಳು ಸುಮಾರು ಒಂದೂವರೆ ಗಂಟೆ ತೆಗೆದುಕೊಳ್ಳುತ್ತವೆ. ಕಲಬುರಗಿಯ 3,175 ಮೀಟರಿನ ರನ್‌ವೇ ಜೆಟ್‌ಗೆ ಒಗ್ಗುವುದರಿಂದ ಅದೇ ದೂರ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯಬಲ್ಲದು. ದ್ವೀಪದವರಿಗೆ ವಿಮಾನ ಬಿಟ್ಟರೆ ಹಡಗೊಂದೇ ದಾರಿ. ಕಲಬುರಗಿಯವರು ವಿಮಾನದ ಗಂಟೆಯನ್ನು ರೈಲಿನ ಗಂಟೆಯೊಡನೆ ತೂಗಿ ನೋಡಬಲ್ಲರು.

ಈ ತೂಕದಲ್ಲಿ ನಿಲ್ದಾಣಕ್ಕೆ ಹೋಗುವ ಹೊತ್ತೂ ಸೇರುತ್ತದೆ. ನೇರ ಗೆರೆಯಲ್ಲಿ ಅಳೆದರೆ ನಿಲ್ದಾಣದಿಂದ ಶಹಾಬಾದ್ ಸುಮಾರು 20, ಚಿತ್ತಾಪುರ 25, ವಾಡಿ 30, ಸೇಡಂ 37, ಚಿಂಚೋಳಿ 52 ಕಿ.ಮೀ. ದೂರದಲ್ಲಿವೆ. 2008ರಲ್ಲಿ ತೆರೆದ ಹೈದರಾಬಾದಿನ ಶಂಶಾಬಾದ್ ನಿಲ್ದಾಣ ಚಿಂಚೋಳಿಗೆ ಸುಮಾರು 110 ಕಿ.ಮೀ. ಇದ್ದು, ಹೆಚ್ಚು ವಿಮಾನಗಳಿರುವ ಕಾರಣ ಪೂರ್ವ ತಾಲ್ಲೂಕುಗಳ ಪ್ರಯಾಣಿಕರಿಗೆ ಅದೂ ಒಂದು ಆಯ್ಕೆ. 2024ರ ಮಾರ್ಚಿನಲ್ಲಿ ಆರಂಭವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ರೈಲು ಒಂಬತ್ತು ಗಂಟೆಯೊಳಗೆ ಬೆಂಗಳೂರು ಮುಟ್ಟಿಸುವುದರಿಂದ, ಹಗಲು ಪ್ರಯಾಣಕ್ಕೆ ವಿಮಾನವೊಂದೇ ಗತಿ ಎಂಬ ಸ್ಥಿತಿಯೂ ಈಗ ಉಳಿದಿಲ್ಲ.